1,38,000 ಕಿಲೋಮೀಟರ್ ಓಡಿದ ಆಟೋಮ್ಯಾಟಿಕ್ ಕಾರನ್ನು ಓದುವುದು ಹೇಗೆ

ಡೊಂಬಿವಲಿಯಲ್ಲಿರುವ ನನ್ನ ಅಕ್ಕನ ಮಗ ಕಳೆದ ದೀಪಾವಳಿಗೆ ಸ್ವಲ್ಪ ಮೊದಲು ಎರಡು ಕಾರುಗಳ ಫೋಟೊ ಕಳಿಸಿದ. ಎರಡೂ 2011ರವು. ಒಂದೇ ಜರ್ಮನ್ ಕಂಪನಿಯ ದೊಡ್ಡ ಪೆಟ್ರೋಲ್ ಸೆಡಾನುಗಳು, ಎಂಟು ಗೇರಿನ ಆಟೋಮ್ಯಾಟಿಕ್. ಹೊಸದಿದ್ದಾಗ ಅರ್ಧ ಕೋಟಿಯ ಆಸುಪಾಸಿನ ಗಾಡಿಗಳು ಈಗ ಸಣ್ಣ ಹ್ಯಾಚ್‌ಬ್ಯಾಕ್‌ನ ದರಕ್ಕೆ ಬಂದು ನಿಂತಿದ್ದವು. ಒಂದು ಠಾಣೆಯದು, ಮೀಟರಿನಲ್ಲಿ 1,38,000. ಇನ್ನೊಂದು ದಕ್ಷಿಣ ಮುಂಬೈನ ಹಳೆಯ ಕಟ್ಟಡದ ಕೆಳಗೆ ನಿಂತದ್ದು, 46,000. ಎರಡನೆಯದಕ್ಕೆ ಒಂದೂವರೆ ಲಕ್ಷ ಹೆಚ್ಚು ಕೇಳುತ್ತಿದ್ದರು.

"ಮಾಮಾ, ಠಾಣೇದು ಭಾಳ ಓಡೇತಿ. ಮುಂಬೈದ ತಗೊಳ್ಳೋದ ಚಲೋ ಅನ್ನಸ್ತೈತಿ," ಅಂದ.

"ಓಡಿದ್ದು ಬಿಡು. ಯಾವುದಕ್ಕ ಸರ್ವಿಸ್ ಬಿಲ್ಲಿನ ಫೈಲ್ ಐತಿ, ಅದನ್ನ ಕೇಳು," ಅಂದೆ.

ಆಮೇಲೆ ಅವನಿಂದ ಒಂದು ಭಾಗಾಕಾರ ಮಾಡಿಸಿದೆ. ದಕ್ಷಿಣ ಮುಂಬೈನ ಒಳಗೇ ಓಡಾಡಿದ ಕಾರಿನ ಸರಾಸರಿ ವೇಗ ಗಂಟೆಗೆ 15 ಕಿ.ಮೀ. ಎಂದು ಹಿಡಿದರೆ, 46,000 ಕಿ.ಮೀ. ಮುಗಿಸಲು ಇಂಜಿನ್ 3,000 ಗಂಟೆಗಿಂತ ಹೆಚ್ಚು ಓಡಿರಬೇಕು. ಠಾಣೆಯ ಮಾಲೀಕರು ಹದಿನೈದು ದಿನಕ್ಕೊಮ್ಮೆ ಎಕ್ಸ್‌ಪ್ರೆಸ್‌ವೇ ಹಿಡಿದು ಪುಣೆ ಹತ್ತಿರದ ಚಾಕಣಕ್ಕೆ ಬಂದು ಹೋಗುತ್ತಿದ್ದವರು. ಅವರ ಸರಾಸರಿ 50 ಎಂದರೂ 1,38,000 ಕಿ.ಮೀ.ಗೆ ಬರುವುದು 2,760 ಗಂಟೆ. ಅಂದರೆ ಕಡಿಮೆ ಓಡಿದ ಕಾರಿನ ಇಂಜಿನ್ನೇ ಹೆಚ್ಚು ಹೊತ್ತು ದುಡಿದಿದೆ. ಗೇರ್ ಬದಲಾದ ಲೆಕ್ಕ ಹಾಕಿದರೆ ಅಂತರ ಇನ್ನೂ ದೊಡ್ಡದು. ಪೆಡ್ಡರ್ ರೋಡಿನ ಸಂಜೆಯ ಟ್ರಾಫಿಕ್‌ನಲ್ಲಿ ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಹಾರುತ್ತಲೇ ಇರುವ ಗೇರ್‌ಬಾಕ್ಸು, ಲೋಣಾವಳದಿಂದ ಆಚೆ ಎಂಟನೇ ಗೇರಿನಲ್ಲಿ ತಣ್ಣಗೆ ಕೂತು ಬರುತ್ತದೆ.

ಹಳೆಯ ಐಷಾರಾಮಿ ಕಾರಿನ ವಿಷಯದಲ್ಲಿ ನಾನು ಹನ್ನೆರಡು ವರ್ಷದಿಂದ ಕಲಿತದ್ದು ಇದೇ. ಕಬ್ಬಿಣ, ಅಲ್ಯುಮಿನಿಯಂ ಬೇಗ ಸಾಯುವುದಿಲ್ಲ. ಸಾಯುವುದು ಆಯಿಲ್, ರಬ್ಬರ್, ಪ್ಲಾಸ್ಟಿಕ್ ಮತ್ತು ವೈರಿನ ಜೋಡಣೆಗಳು. ಇವು ನಾಲ್ಕಕ್ಕೂ ಕಿಲೋಮೀಟರಿನ ಲೆಕ್ಕ ಗೊತ್ತಿಲ್ಲ, ಬಿಸಿ ಮತ್ತು ವರ್ಷಗಳ ಲೆಕ್ಕ ಗೊತ್ತು. ಕಾರು ನೋಡಲು ಹೋದವರು ಮೀಟರಿಗಿಂತ ಮೊದಲು ಈ ನಾಲ್ಕನ್ನು ಓದಬೇಕು.

ಮೊದಲು ಗೇರ್‌ಬಾಕ್ಸು, ಏಕೆಂದರೆ ಎಲ್ಲರಿಗೂ ಹೆದರಿಕೆ ಅದರದ್ದೇ. ಮ್ಯಾನುಯಲ್ ಕಾರಿನಲ್ಲಿ ಇಂಜಿನ್ನಿಗೂ ಗೇರಿಗೂ ನಡುವೆ ಕ್ಲಚ್ ಪ್ಲೇಟ್ ಇದ್ದರೆ, ಇಲ್ಲಿ ಟಾರ್ಕ್ ಕನ್ವರ್ಟರ್ ಎಂಬ ಆಯಿಲ್ ತುಂಬಿದ ದುಂಡನೆಯ ಡಬ್ಬಿ ಇರುತ್ತದೆ. ಮಜ್ಜಿಗೆ ಕಡೆಯುವುದನ್ನು ನೆನಪಿಸಿಕೊಳ್ಳಿ. ಕಡಗೋಲು ತಿರುಗಿದರೆ ಮಜ್ಜಿಗೆಯೂ ಸುತ್ತುತ್ತದೆ, ಆ ಸುತ್ತಿನಲ್ಲಿ ಸೌಟು ಇಳಿಬಿಟ್ಟರೆ ಸೌಟೂ ತಿರುಗಲು ನೋಡುತ್ತದೆ. ಇಂಜಿನ್ನಿಗೆ ಕೂಡಿಕೊಂಡ ರೆಕ್ಕೆಗಳು ಆಯಿಲನ್ನು ಸುತ್ತಿಸುತ್ತವೆ, ಆ ಆಯಿಲ್ ಎದುರಿನ ರೆಕ್ಕೆಗಳನ್ನು ತಿರುಗಿಸುತ್ತದೆ, ಅವು ಗೇರ್‌ಬಾಕ್ಸನ್ನು. ಎರಡರ ನಡುವೆ ಲೋಹಕ್ಕೆ ಲೋಹ ತಾಗುವುದಿಲ್ಲ. ಬ್ರೇಕ್ ಬಿಟ್ಟ ಕೂಡಲೇ ಕಾರು ಮೆಲ್ಲಗೆ ತೆವಳುವುದು, ಸಿಗ್ನಲ್ಲಿನಲ್ಲಿ ಇಂಜಿನ್ ಬಂದ್ ಆಗದೆ ನಿಲ್ಲುವುದು ಎರಡೂ ಇದರಿಂದಲೇ. ಆದರೆ ಹೀಗೆ ಕಡೆದ ಆಯಿಲ್ ಬಿಸಿಯಾಗುತ್ತದೆ, ಶಕ್ತಿಯೂ ಸೋರುತ್ತದೆ. ಅದಕ್ಕೇ ಕಾರು ಒಂದು ವೇಗಕ್ಕೆ ಬಂದಮೇಲೆ ಡಬ್ಬಿಯೊಳಗಿನ ಲಾಕಪ್ ಕ್ಲಚ್ ಎರಡೂ ಕಡೆಯನ್ನು ಬಿಗಿದುಬಿಡುತ್ತದೆ.

ಅದರ ಹಿಂದೆ ಗ್ರಹಗಳಂತೆ ಒಂದರ ಸುತ್ತ ಒಂದು ತಿರುಗುವ ಹಲ್ಲಿನ ಚಕ್ರಗಳು. ಜರ್ಮನಿಯ ಜೆಡ್‌ಎಫ್ ಕಂಪನಿ 2009ರಿಂದ ತಯಾರಿಸುತ್ತಿರುವ ಎಂಟು ಗೇರಿನ ಪೆಟ್ಟಿಗೆಯಲ್ಲಿ ಇಂಥ ನಾಲ್ಕು ಸೆಟ್‌ಗಳಿವೆ. ಅವುಗಳಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಲು ಐದೇ ಐದು ಕ್ಲಚ್ ಮತ್ತು ಬ್ರೇಕುಗಳಿವೆ. ಈ ಕ್ಲಚ್‌ಗಳ ಮೈಮೇಲೆ ಇರುವುದು ಕಾಗದದಂಥ ನಾರಿನ ತೆಳು ಪದರ, ಅದು ಸದಾ ಆಯಿಲಿನಲ್ಲೇ ಮುಳುಗಿರುತ್ತದೆ. ಕ್ಲಚ್ಚನ್ನು ಒತ್ತುವುದೂ ಆಯಿಲಿನ ಒತ್ತಡವೇ. ಆ ಒತ್ತಡವನ್ನು ಎಲ್ಲಿಗೆ ಎಷ್ಟು ಕಳಿಸಬೇಕೆಂದು ನೋಡಿಕೊಳ್ಳುವುದು ಮೆಕಟ್ರಾನಿಕ್ ಎಂಬ ಹಲಗೆ. ಇರುವೆ ಗೂಡಿನಂತೆ ಸಣ್ಣ ಸಣ್ಣ ದಾರಿಗಳು, ಅವುಗಳ ಬಾಯಲ್ಲಿ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್‌ಗಳು, ಜೊತೆಗೆ ಕಂಪ್ಯೂಟರು, ಎಲ್ಲವೂ ಆಯಿಲಿನೊಳಗೇ.

ಹೀಗೆ ಒಂದೇ ಆಯಿಲು ಶಕ್ತಿ ಸಾಗಿಸಬೇಕು, ಕ್ಲಚ್ ಒತ್ತಬೇಕು, ಹಲ್ಲುಗಳನ್ನು ಸವೆಯದಂತೆ ಕಾಯಬೇಕು, ಬಿಸಿಯನ್ನು ಹೊರಗೆ ಒಯ್ಯಬೇಕು. ವರ್ಷಗಟ್ಟಲೆ ಬೆಂದ ಆಯಿಲು ತೆಳ್ಳಗಾಗುತ್ತದೆ. ಕ್ಲಚ್ಚಿನ ನಾರು ಉದುರಿ ಆ ಸಣ್ಣ ದಾರಿಗಳಲ್ಲಿ ಕೂರುತ್ತದೆ. ಒತ್ತಡ ಸಾಲದ ಕ್ಲಚ್ಚು ಜಾರುತ್ತದೆ, ಜಾರಿದರೆ ಇನ್ನಷ್ಟು ಬಿಸಿ, ಬಿಸಿಯಾದರೆ ಇನ್ನಷ್ಟು ನಾರು. ಇಡೀ ಕಾಯಿಲೆ ಇಷ್ಟೇ.

ಇಷ್ಟು ಗೊತ್ತಿದ್ದೂ ಗೇರ್‌ಬಾಕ್ಸ್ ಆಯಿಲ್ ಬದಲಿಸದ ಕಾರುಗಳೇ ಹೆಚ್ಚು. ಕಾರಣ, ಹಲವು ಕಾರ್ ಕಂಪನಿಗಳು ಈ ಆಯಿಲು ಗಾಡಿಯ ಆಯುಷ್ಯದುದ್ದಕ್ಕೂ ಸಾಕು ಎಂದು ಹೇಳುತ್ತ ಬಂದವು. ಪೆಟ್ಟಿಗೆ ತಯಾರಿಸುವ ಜೆಡ್‌ಎಫ್ ಮಾತ್ರ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ 8 ವರ್ಷಕ್ಕೆ, ಯಾವುದು ಮೊದಲೋ ಆಗ, ಬದಲಿಸಿ ಎನ್ನುತ್ತದೆ. ಈ ಎರಡು ಮಾತುಗಳಲ್ಲಿ ನಾನು ಪೆಟ್ಟಿಗೆ ಮಾಡಿದವರ ಮಾತು ನಂಬುತ್ತೇನೆ. ಮುಂಬೈ, ಪುಣೆಯ ಟ್ರಾಫಿಕ್ಕಿಗೆ 60,000 ಕಿ.ಮೀ. ಎಂದು ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ನನ್ನ ಮೊದಲ ಹಳೆಯ ಕಾರಿನ ಗೇರ್‌ಬಾಕ್ಸು 1,10,000 ಕಿ.ಮೀ.ಗೆ ಕೆಟ್ಟುಹೋಯಿತು. ಆಯಿಲ್ ಬದಲಿಸಿ ಎಂದು ನಾನು ಎರಡು ಸಲ ಕೇಳಿದ್ದೆ, ಬೇಕಾಗಿಲ್ಲ ಎಂದು ವರ್ಕ್‌ಶಾಪಿನವರು ಎರಡು ಸಲವೂ ಕಳಿಸಿದ್ದರು. ಗೇರ್‌ಬಾಕ್ಸಿನ ಆ ಬಿಲ್ಲನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಆಟೋಮ್ಯಾಟಿಕ್ ಎಂದರೆಲ್ಲ ಒಂದೇ ಅಲ್ಲ. ಫೋಕ್ಸ್‌ವ್ಯಾಗನ್ ಬಳಗದ ಡಿಎಸ್‌ಜಿ ಎರಡು ಕ್ಲಚ್ಚಿನ ಬೇರೆಯೇ ಜಾತಿ. ಅದರಲ್ಲೂ ಆರು ಗೇರಿನದು ಆಯಿಲಿನಲ್ಲಿ ಮುಳುಗಿದ್ದು, 60,000 ಕಿ.ಮೀ.ಗೆ ಬದಲಿಸಲು ಕಂಪನಿಯೇ ಹೇಳುತ್ತದೆ. ಸಣ್ಣ ಇಂಜಿನ್ನುಗಳ ಜೊತೆ ಬಂದ ಏಳು ಗೇರಿನದು ಒಣ ಕ್ಲಚ್ಚಿನದು. ಹಳೆಯ ಕೆಲವು ಆಡಿಗಳಲ್ಲಿ ಗೇರಿನ ಮೆಟ್ಟಿಲುಗಳೇ ಇಲ್ಲದ, ಸರಪಳಿಯ ಸಿವಿಟಿ ಇದೆ. ನೋಡುತ್ತಿರುವ ಕಾರಿನಲ್ಲಿ ಯಾವುದಿದೆ ಎಂದು ತಿಳಿಯದೆ ಮುಂಗಡ ಕೊಡಬೇಡಿ.

ನಾವು ಎರಡೂ ಕಾರುಗಳನ್ನು ಒಂದೇ ಭಾನುವಾರ ನೋಡಿದೆವು. ಮಾರುವವರಿಗೆ ಹಿಂದಿನ ರಾತ್ರಿಯೇ ಫೋನ್ ಮಾಡಿ, ಬೆಳಿಗ್ಗೆ ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಂಡಿದ್ದೆ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಬೇಕು, ಬೆಚ್ಚಗಿದ್ದರೆ ಅವರು ಏನನ್ನೋ ಮುಚ್ಚುತ್ತಿದ್ದಾರೆ. ದಕ್ಷಿಣ ಮುಂಬೈನದು ತಣ್ಣಗಿತ್ತು. ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ, ಪಿ (ಪಾರ್ಕ್) ಇಂದ ಡಿಗೆ (ಡ್ರೈವ್) ಹಾಕಲು ಹೇಳಿದೆ. ಸೋದರಳಿಯ ಹಾಕಿದ. ಏನೂ ಆಗಲಿಲ್ಲ. ನಾನು ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದೆ. ಆಗ ಯಾರೋ ಹಿಂದಿನಿಂದ ಮೊಣಕಾಲು ತಾಗಿಸಿದಂತೆ ಇಡೀ ಕಾರು 'ಧಡ್' ಅಂದಿತು. ಸರಿಯಾದ ಪೆಟ್ಟಿಗೆ ಒಂದು ಸೆಕೆಂಡಿನೊಳಗೆ, ಚಹಾದ ಲೋಟ ಅಲುಗದಷ್ಟು ಮೆತ್ತಗೆ ಹಿಡಿಯಬೇಕು. ಬಗ್ಗಿ ಟೈರಿನ ಮಗ್ಗುಲು ನೋಡಿದೆ, ನಾಲ್ಕಂಕಿ 1813 ಎಂದಿತ್ತು. 2013ರ 18ನೇ ವಾರ. ಟೈರಿಗೇ ಖರ್ಚು ಮಾಡದವರು ಗೇರ್‌ಬಾಕ್ಸಿಗೆ ಮಾಡಿರುತ್ತಾರೆಂದು ನಾನು ನಂಬಲಿಲ್ಲ. ಫೈಲ್ ಕೇಳಿದಾಗ ಎಲ್ಲೋ ಇದೆ ಎಂದರು.

ಠಾಣೆಯದು ಡಿಗೆ ಹಾಕಿದ್ದೇ ತಿಳಿಯಲಿಲ್ಲ. ಘೋಡ್‌ಬಂದರ್ ರೋಡಿಗೆ ಒಯ್ದು ಅರ್ಧ ತಾಸು ಓಡಿಸಿದೆವು. 60ರಿಂದ 80ರ ವೇಗದಲ್ಲಿ ಕಾಲು ಹಗುರ ಮಾಡಿ ಹಿಡಿದರೆ ಲಾಕಪ್ ಕ್ಲಚ್ ಬಿಗಿಯುವ ಹೊತ್ತು. ಅಲ್ಲಿ ರಸ್ತೆಯ ಉಬ್ಬುಪಟ್ಟಿಗಳ ಮೇಲೆ ಹೋದಂತೆ ನಡುಗಿದರೆ ಕನ್ವರ್ಟರ್ ಸವೆದಿದೆ. ಏರಿನಲ್ಲಿ ಗೇರ್ ಬದಲಾಗುವಾಗ ಇಂಜಿನ್ ಒಮ್ಮೆ ಸುಮ್ಮನೆ ಕೂಗಿ ಆಮೇಲೆ ಹಿಡಿದರೆ ಕ್ಲಚ್ ಜಾರುತ್ತಿದೆ. ಚೆನ್ನಾಗಿ ಬಿಸಿಯಾದ ಮೇಲೆ ಸಿಗ್ನಲ್ಲಿಗೆ ನಿಧಾನ ಮಾಡುತ್ತ ಎರಡರಿಂದ ಒಂದಕ್ಕೆ ಇಳಿಯುವಾಗ ಗುದ್ದಿದರೆ ಮೆಕಟ್ರಾನಿಕ್ ಕಡೆ ನೋಡಬೇಕು. ಈ ಮೂರೂ ಇರಲಿಲ್ಲ. ಕೊನೆಗೆ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿಸಿದೆವು, ತಪ್ಪುಗಳ ಪಟ್ಟಿಗಾಗಿ ಮಾತ್ರ ಅಲ್ಲ. ಯುರೋಪಿನ ಹಲವು ಕಾರುಗಳಲ್ಲಿ ಓಡಿದ ಕಿಲೋಮೀಟರು ಮೀಟರಿನಲ್ಲಷ್ಟೇ ಅಲ್ಲದೆ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲೂ (ಒಂದೊಂದು ಕೆಲಸ ನೋಡುವ ಸಣ್ಣ ಕಂಪ್ಯೂಟರುಗಳು) ಬರೆದಿರುತ್ತದೆ. ಮೀಟರ್ ತಿರುವಿದವರು ಎಲ್ಲ ಕಡೆ ತಿರುವಿರುವುದು ಅಪರೂಪ.

ಮುಂಬೈ ಕಾರು ಎಂದಮೇಲೆ ನೀರಿನ ಮಾತು ಬಿಡಲಾಗದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಬಿತ್ತು. ಅಷ್ಟಲ್ಲದಿದ್ದರೂ ಮುಂಬೈನ ಹಿಂದ್‌ಮಾತಾ ಚೌಕದಲ್ಲಿ, ಮಿಲನ್ ಸಬ್‌ವೇಯಲ್ಲಿ ನೀರು ನಿಲ್ಲುವುದು ಮಳೆಗಾಲದ ಮಾಮೂಲು. ದೊಡ್ಡ ಜರ್ಮನ್ ಕಾರುಗಳಲ್ಲಿ ಎಷ್ಟೋ ಕಂಟ್ರೋಲ್ ಯೂನಿಟ್‌ಗಳು ಕಾರ್ಪೆಟ್ಟಿನ ಕೆಳಗೆ, ಡಿಕ್ಕಿಯ ತಗ್ಗಿನಲ್ಲಿ ಕೂತಿರುತ್ತವೆ. ಒಳಗೆ ನೀರು ಬಂದ ಕಾರು ಒಣಗಿದ ಮೇಲೆ ಚೆನ್ನಾಗಿಯೇ ಓಡುತ್ತದೆ, ಆಮೇಲೆ ಎರಡು ವರ್ಷ ಒಂದೊಂದೇ ವೈರಿನ ಜೋಡಣೆ ಹಸಿರು ಹಿಡಿಯುತ್ತ ಹೋಗುತ್ತದೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಕೆಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಹಳಿಗಳಿಗೆ ತುಕ್ಕು ಇದೆಯೇ, ಸ್ಟೆಪ್ನಿಯ ಗುಂಡಿಯಲ್ಲಿ ಸಣ್ಣ ಮಣ್ಣು ಇದೆಯೇ ನೋಡಿ. ಹಿಂದಿನ ಐದು ವರ್ಷದ ವಿಮೆ ಪಾಲಿಸಿಗಳನ್ನೂ ಕೇಳಿ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, 50 ಪ್ರತಿಶತಕ್ಕೆ ಏರಬೇಕಾದರೆ ಐದು ವರ್ಷ ಕ್ಲೇಮ್ ಇರಬಾರದು. ಆದರೆ ಈ ಬೋನಸ್ ಮಾಲೀಕನದು, ಕಾರಿನದಲ್ಲ. ಬೇರೆ ಕಾರಿನಿಂದ ತಂದದ್ದಿರಬಹುದು, ಆದ್ದರಿಂದ ಪ್ರತಿ ಪಾಲಿಸಿಯಲ್ಲೂ ಇದೇ ಗಾಡಿಯ ನಂಬರ್ ಇದೆಯೇ ಎಂದು ಹೊಂದಿಸಿ ನೋಡಿ.

ಪ್ಲಾಸ್ಟಿಕ್ಕಿನ ಪಾಠ ನನಗೆ ಖಂಬಾಟ್ಕಿ ಘಾಟ್ ಕಲಿಸಿತು. ಆರು ವರ್ಷದ ಹಿಂದೆ ಪುಣೆಯಿಂದ ಹುಬ್ಬಳ್ಳಿಗೆ ಹೊರಟಿದ್ದೆವು, ಅಮ್ಮ ಹಿಂದಿನ ಸೀಟಿನಲ್ಲಿ. ಶಿರವಳ ದಾಟಿ ಏರು ಹತ್ತುವಾಗ ಸಿಹಿಯಾದ ಒಂದು ವಾಸನೆ ಬಂತು, ಬೆಲ್ಲ ಕಾಯಿಸಿದ ಹಾಗೆ. ಅದು ಇಂಜಿನ್ನನ್ನು ತಣ್ಣಗಿಡುವ ಕೂಲಂಟ್. ಟೆಂಪರೇಚರ್ ಮುಳ್ಳು ಮೇಲೇರುವ ಮೊದಲೇ ಬದಿಗೆ ನಿಲ್ಲಿಸಿ ಬಂದ್ ಮಾಡಿದ್ದರಿಂದ ಇಂಜಿನ್ ಉಳಿಯಿತು. ರೇಡಿಯೇಟರ್ ಪೈಪು ಕೂರುವ ಪ್ಲಾಸ್ಟಿಕ್ ಕುತ್ತಿಗೆ ಬಿಸ್ಕತ್ತಿನಂತೆ ಮುರಿದು ಕೈಗೆ ಬಂದಿತ್ತು. ಹನ್ನೊಂದು ವರ್ಷ ಕುದಿದು ಆರಿ, ಕುದಿದು ಆರಿ, ಹೊರಗಿನಿಂದ ಹೊಸದರಂತೆಯೇ ಕಾಣುತ್ತಿತ್ತು. ಇಂಥ ಇಂಜಿನ್ನಿನ ಅಲ್ಯುಮಿನಿಯಂ ಹೆಡ್ ಒಂದೇ ಒಂದು ಸಲ ಜೋರಾಗಿ ಕಾದರೂ ಸೊಟ್ಟಗಾಗುತ್ತದೆ. ಆದ್ದರಿಂದ 1 ಲಕ್ಷ ಕಿ.ಮೀ. ದಾಟಿದ ಕಾರು ಮನೆಗೆ ಬಂದ ತಿಂಗಳಲ್ಲೇ ಎಕ್ಸ್‌ಪಾನ್ಷನ್ ಟ್ಯಾಂಕ್, ಪೈಪುಗಳು, ಥರ್ಮೋಸ್ಟಾಟ್, ವಾಟರ್ ಪಂಪ್ ಎಲ್ಲವನ್ನೂ ಕೆಡುವ ಮೊದಲೇ ಬದಲಿಸಿಬಿಡಿ. ಬೋರ್‌ವೆಲ್ ನೀರು ಹಾಕಬೇಡಿ. ಕಂಪನಿ ಹೇಳಿದ ಕೂಲಂಟು, ಡಿಸ್ಟಿಲ್ಡ್ ನೀರು ಮಾತ್ರ.

ರಬ್ಬರಿನ ಕಥೆಯೂ ಹಾಗೇ, ಆದರೆ ಅದು ಮೊದಲೇ ಸದ್ದು ಮಾಡಿ ಹೇಳುತ್ತದೆ. ಗುಂಡಿಯಲ್ಲಿ ಟಕ್ ಎಂದರೆ ಚಕ್ರ ಹಿಡಿದಿರುವ ಕಂಟ್ರೋಲ್ ಆರ್ಮಿನ ರಬ್ಬರ್ ಬುಶ್, ನಿಂತಾಗ ಸ್ಟೇರಿಂಗ್ ನಡುಗಿದರೆ ಇಂಜಿನ್ ಮೌಂಟಿಂಗ್. ಗಾಳಿ ತುಂಬಿದ ಸಸ್ಪೆನ್ಷನ್ ಇರುವ ಕಾರನ್ನು ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿ. ಒಂದು ಮೂಲೆ ಕುಗ್ಗಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಅದನ್ನು ಹಾಗೇ ಬಿಟ್ಟರೆ ಆ ಸೋರಿಕೆ ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ, ಒಂದು ಖರ್ಚು ಎರಡಾಗುತ್ತದೆ. ಇಪ್ಪತ್ತು ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲ್ ಬಂದಮೇಲೆ ಇಂಥ ಹಳೆಯ ಕಾರುಗಳ ಇಂಧನದ ಪೈಪುಗಳನ್ನೂ ವರ್ಷಕ್ಕೊಮ್ಮೆ ಮುಟ್ಟಿ ನೋಡುವ ರೂಢಿ ಮಾಡಿಕೊಂಡಿದ್ದೇನೆ.

ದುಡ್ಡಿನ ವಿಷಯ. ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಏಳು ಲಕ್ಷಕ್ಕೆ ಕೊಂಡರೂ ನೀವು ಸಾಕುವುದು ಐವತ್ತು ಲಕ್ಷದ ಕಾರನ್ನು. ಕೊಳ್ಳುವ ಬೆಲೆಯ ಮೂರನೇ ಒಂದು ಭಾಗ ಮೊದಲ ವರ್ಷಕ್ಕೆಂದು ಬೇರೆ ತೆಗೆದಿಡಲಾಗದಿದ್ದರೆ ಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸಾಲ ಮಾಡಿ ಕೊಳ್ಳುವುದಂತೂ ಬೇಡವೇ ಬೇಡ. ಹಾಗೆಂದು ಪ್ರತಿ ಭಾಗವನ್ನೂ ಶೋರೂಮಿನಲ್ಲೇ ತರಬೇಕಿಲ್ಲ. ಕಾರ್ ಕಂಪನಿಗೆ ಭಾಗ ಮಾಡಿಕೊಡುವ ಲೆಮ್‌ಫೋರ್ಡರ್, ಸ್ಯಾಕ್ಸ್, ಮಾಲೆ, ಬಾಷ್‌ಗಳು ತಮ್ಮ ಹೆಸರಿನಲ್ಲೂ ಮಾರುತ್ತವೆ. 17 ಅಕ್ಷರದ ಚಾಸಿ ನಂಬರಿನಿಂದ ಪಾರ್ಟ್ ನಂಬರ್ ತೆಗೆದು, ಅದನ್ನು ಚೀಟಿಯಲ್ಲಿ ಬರೆದುಕೊಂಡು ಪುಣೆಯ ನಾನಾ ಪೇಠಕ್ಕೆ ಹೋಗಿ. ಬಾಗಿಲು, ಲೈಟು, ಸ್ವಿಚ್ಚಿನಂಥವಕ್ಕೆ ಕುರ್ಲಾದ ಸಿಎಸ್‌ಟಿ ರೋಡಿನ ಹಳೆಯ ಮಾಲು ಸಾಕು. ಬ್ರೇಕು, ಸ್ಟೇರಿಂಗು, ಏರ್‌ಬ್ಯಾಗ್ ಮಾತ್ರ ಹಳೆಯದು ಬೇಡ. ವಿಮೆಯ ಮೇಲೂ ಹೆಚ್ಚು ಭಾರ ಹಾಕಬೇಡಿ. ಜೀರೋ ಡೆಪ್ರಿಸಿಯೇಷನ್ (ಭಾಗ ಹಳೆಯದೆಂದು ಹಣ ಕಡಿಯದ ಸೌಲಭ್ಯ) ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಕಡಿತ, 10 ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೂ ಅರ್ಧ.

ಕಾಗದಪತ್ರದಲ್ಲಿ ಮುಖ್ಯವಾದ್ದು ಮೂರು. ಸಾಲದಲ್ಲಿ ಕೊಂಡ ಕಾರಾಗಿದ್ದರೆ ಸಾಲ ತೀರಿದೆ ಎಂಬ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಇಲ್ಲದೆ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು ಪ್ರಯೋಜನವಿಲ್ಲ. 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು, ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆಯೂ ಸೇರುತ್ತದೆ. ಎಂಎಚ್ ನಂಬರಿನ ಕಾರನ್ನು ಊರಿನಲ್ಲಿ ಇಟ್ಟುಕೊಳ್ಳುವ ಯೋಚನೆ ಇದ್ದರೆ, 12 ತಿಂಗಳಿಗಿಂತ ಹೆಚ್ಚು ಕರ್ನಾಟಕದಲ್ಲಿ ಇಟ್ಟರೆ ಅಲ್ಲೇ ಮರುನೋಂದಣಿ ಆಗಬೇಕು, ಅಲ್ಲಿನ ತೆರಿಗೆ ಕಟ್ಟಬೇಕು.

ಠಾಣೆಯ ಕಾರನ್ನೇ ಕೊಂಡ. ಅದರ ಫೈಲಿನಲ್ಲಿ ಇಂಜಿನ್ ಆಯಿಲಿನಿಂದ ಹಿಡಿದು ವೈಪರ್ ಬ್ಲೇಡಿನ ತನಕ ಬಿಲ್ಲುಗಳಿದ್ದವು. ಗೇರ್‌ಬಾಕ್ಸ್ ಆಯಿಲಿನದು ಒಂದೇ ಇತ್ತು, 71,000 ಕಿ.ಮೀ.ಗೆ ಬದಲಿಸಿದ್ದು. ಹಾಗಾಗಿ ಮೊದಲ ಕೆಲಸ ಅದೇ. ಭೋಸರಿಯಲ್ಲಿ ವಿಜಯಪುರ ಕಡೆಯ ಮಿಸ್ತ್ರಿಯೊಬ್ಬರ ಗ್ಯಾರೇಜಿಗೆ ಬೆಳಿಗ್ಗೆ ಏಳಕ್ಕೇ ಬರಲು ಹೇಳಿದ್ದರು. ಈ ಪೆಟ್ಟಿಗೆಗೆ ಆಯಿಲ್ ನೋಡುವ ಕಡ್ಡಿ ಇಲ್ಲ. ಇಂಜಿನ್ ಓಡುತ್ತಿರುವಾಗ, ಒಳಗಿನ ಆಯಿಲು 30ರಿಂದ 50 ಡಿಗ್ರಿಯ ನಡುವೆ ಇರುವಾಗ, ಬದಿಯ ತೂತಿನಿಂದ ತೆಳ್ಳಗೆ ಹರಿಯುವಷ್ಟು ತುಂಬಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಓಡಿಸಿಕೊಂಡು ಬಂದ ಗಾಡಿಯಲ್ಲಿ ಆ ಅಳತೆ ಸಿಗುವುದಿಲ್ಲ.

ಗೇರ್‌ಬಾಕ್ಸಿನ ತಳದ ಆಯಿಲ್ ಚೇಂಬರ್ ಇಳಿಸಿದರು. ಪ್ಲಾಸ್ಟಿಕ್ಕಿನದು, ಫಿಲ್ಟರ್ ಅದರೊಳಗೇ ಸೇರಿಸಿದ್ದರಿಂದ ಇಡಿಯಾಗಿ ಹೊಸದನ್ನೇ ಹಾಕಬೇಕು. ಆಯಿಲು ಗಟ್ಟಿ ಡಿಕಾಕ್ಷನ್ನಿನ ಬಣ್ಣ. ಮಿಸ್ತ್ರಿ ಮೂಸಿ ನೋಡಿದರು, ಸುಟ್ಟ ವಾಸನೆ ಇಲ್ಲ ಎಂದು ತಲೆಯಾಡಿಸಿದರು. ಚೇಂಬರಿನ ತಳದ ಅಯಸ್ಕಾಂತಗಳ ಮೇಲೆ ಬೂದು ಬಣ್ಣದ ಲೇಪ ಕೂತಿತ್ತು. ಅದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿ ಸೋದರಳಿಯನ ಮುಂದೆ ಹಿಡಿದರು.

"ನೋಡ್ರಿ ತಮ್ಮಾ, ಬೆಣ್ಣಿ ಇದ್ದಂಗ ಐತಿ. ಬೆಣ್ಣಿ ಇದ್ರ ಚಿಂತಿಲ್ಲ. ಉಸುಕು ಸಿಕ್ಕಿದ್ರ ಚಿಂತಿ."

ನುಣ್ಣನೆಯ ಲೇಪ ಎಂದರೆ ಸಹಜ ಸವೆತ. ಕೈಗೆ ಚುಚ್ಚುವ ಚೂರು ಸಿಕ್ಕಿದ್ದರೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ ಎಂದರ್ಥ, ಅಂಥ ಪೆಟ್ಟಿಗೆಗೆ ಹೊಸ ಆಯಿಲ್ ಹಾಕಿ ಪ್ರಯೋಜನವಿಲ್ಲ. ಆಯಿಲ್ ಬದಲಿಸಿದ ಮೇಲೆ ಗೇರ್‌ಬಾಕ್ಸ್ ಹೋಯಿತು ಎಂದು ಹೇಳುವವರ ಪೆಟ್ಟಿಗೆ ಸಾಮಾನ್ಯವಾಗಿ ಮೊದಲೇ ಜಾರುತ್ತಿರುತ್ತದೆ.

ಒಟ್ಟು ಸುಮಾರು 9 ಲೀಟರಿನಲ್ಲಿ ಇಳಿದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದು ಕನ್ವರ್ಟರಿನ ಹೊಟ್ಟೆಯಲ್ಲೇ ಇರುತ್ತದೆ. ಯಂತ್ರ ಹಚ್ಚಿ ಒತ್ತಡದಿಂದ ತೊಳೆಯುವವರಿದ್ದಾರೆ, ಹಳೆಯ ಪೆಟ್ಟಿಗೆಗೆ ನನಗೆ ಅದು ಇಷ್ಟವಿಲ್ಲ. ಸಾವಿರ ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಇಳಿಸಿ ತುಂಬುವುದು ನಿಧಾನದ ದಾರಿ, ಅದನ್ನೇ ಹಿಡಿದೆವು. ಮನೆಗೆ ಹೋಗುವ ಮುನ್ನ ಮಿಸ್ತ್ರಿ ಅವನಿಗೆ ಎರಡೇ ಮಾತು ಹೇಳಿದರು: ಕಾರು ಪೂರ್ತಿ ನಿಲ್ಲದೆ ಡಿ ಇಂದ ಆರ್‌ಗೆ (ರಿವರ್ಸ್) ಹಾಕಬಾರದು, ಘಾಟ್ ಇಳಿಯುವಾಗ ಕೈಯಿಂದ ಮೂರನೇ ಗೇರಿಗೆ ತಂದು ಬ್ರೇಕಿಗೆ ಉಸಿರು ಕೊಡಬೇಕು.

ಮೂರು ವಾರದ ಮೇಲೆ ಎರಡನೇ ಸಲ ಇಳಿಸಿದಾಗ ನಾನೂ ಹೋಗಿದ್ದೆ. ಮಿಸ್ತ್ರಿ ಮೊದಲ ಸಲದ ಆಯಿಲನ್ನು ಒಂದು ನೀರಿನ ಬಾಟಲಿಯಲ್ಲಿ ತೆಗೆದಿಟ್ಟಿದ್ದರು. ಈ ಸಲದ್ದನ್ನು ಇನ್ನೊಂದಕ್ಕೆ ತುಂಬಿ, ಎರಡನ್ನೂ ಬಾಗಿಲ ಬೆಳಕಿಗೆ ಹಿಡಿದರು. ಒಂದು ಕಪ್ಪು. ಇನ್ನೊಂದರ ಮೂಲಕ ಆಚೆ ನಿಂತಿದ್ದ ಟೆಂಪೋದ ನಂಬರ್ ಪ್ಲೇಟ್ ಓದಬಹುದಾಗಿತ್ತು.